ಬದುಕಿದ್ದವರ ಲೆಕ್ಕ

"ಅಜ್ಜಾರ, ಇನ್ನೊಂದ್ಸಲ ಇಡ್ರಿ. ತುಸು ಒತ್ತಿ ಇಡ್ರಿ."

ಹುನಗುಂದದ ಕಂಪ್ಯೂಟರ್ ಅಂಗಡಿಯ ಹುಡುಗ ಹೀಗೆ ಹೇಳಿದ್ದು ಅದು ಆರನೇ ಸಲ. ನಮ್ಮ ದೊಡ್ಡಪ್ಪ ಎಡಗೈ ಹೆಬ್ಬೆರಳು ಇಟ್ಟರು, ಬಲಗೈಯದನ್ನು ಇಟ್ಟರು, ಆಮೇಲೆ ಉಳಿದ ಬೆರಳುಗಳ ಸರದಿಯೂ ಮುಗಿಯಿತು. ಯಂತ್ರ ಒಪ್ಪಲಿಲ್ಲ. 17 ವರ್ಷ ಬಂದೂಕು ಹಿಡಿದು, ಆಮೇಲೆ 38 ವರ್ಷ ನಮ್ಮ ಮರೋಳದ ಎರೆಹೊಲದಲ್ಲಿ ಕುಡಗೋಲು, ಕುರ್ಚಗಿ ಹಿಡಿದ ಕೈ ಅದು. ಬೆರಳಿನ ಗೆರೆ ಎಂದೋ ಸವೆದು ಹೋಗಿದೆ.

ಆ ತಿಂಗಳು ದೊಡ್ಡಪ್ಪನ ಪಿಂಚಣಿ ಖಾತೆಗೆ ಬಂದಿರಲಿಲ್ಲ. ವರ್ಷಕ್ಕೊಮ್ಮೆ ಕೊಡಬೇಕಾದ ಜೀವನ ಪ್ರಮಾಣಪತ್ರ ಕೊಟ್ಟಿಲ್ಲ ಎಂದು ಮೊಬೈಲಿಗೆ ಮೆಸೇಜ್ ಬಂದಿತ್ತಂತೆ, ಇಂಗ್ಲಿಷಿನಲ್ಲಿ. ಸಾಲ ಕೊಡ್ತೀವಿ ಅನ್ನುವವರದ್ದು ಇರಬೇಕು ಎಂದು ದೊಡ್ಡಪ್ಪ ಅದನ್ನು ಅಳಿಸಿಬಿಟ್ಟಿದ್ದರು. ಈಗ ಸೈನಿಕರ ಪಿಂಚಣಿ ನಡೆಯುವ ಆನ್‌ಲೈನ್ ವ್ಯವಸ್ಥೆಯ ಹೆಸರು 'ಸ್ಪರ್ಶ್'. ಅಂಗಡಿಯ ಹುಡುಗ ಅದನ್ನು ಹೇಳಿದಾಗ ದೊಡ್ಡಪ್ಪ ತಮ್ಮ ಹೆಬ್ಬೆರಳು ನೋಡಿಕೊಂಡು, "ಹೆಸರಿಟ್ಟಾವ ಚಲೋ ಇಟ್ಟಾನ ಬಿಡಪಾ" ಅಂದರು.

ಕೊನೆಗೆ ಮುಖ ತೋರಿಸುವ ಆ್ಯಪ್ ಹಾಕಿಕೊಂಡು ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲಿಸಿದೆವು. ಕಣ್ಣು ಮಿಟುಕಿಸಬೇಕು ಅಂತ ಅದು ಕೇಳುತ್ತದೆ. ಮಿಲಿಟರಿಯವರಿಗೆ ನೆಟ್ಟಗೆ ನಿಲ್ಲಿ ಅಂದರೆ ಕಣ್ಣು ಮಿಟುಕಿಸುವುದು ಮರೆತೇ ಹೋಗುತ್ತದೆಯೋ ಏನೋ, ಅದೂ ಎರಡು ಸಲ ತಪ್ಪಿತು. ಮೂರನೆಯದಕ್ಕೆ ಆಯಿತು. ದೊಡ್ಡಪ್ಪ ಬದುಕಿದ್ದಾರೆ ಎಂದು ಸರಕಾರಕ್ಕೆ ಗೊತ್ತಾಯಿತು.

ಬಸ್ಸಿನಲ್ಲಿ ಬರುವಾಗ ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿದೆ. "ಎಪ್ಪತ್ತೊಂದರ ಲಡಾಯಿದಾಗ ಒಬ್ಬರೂ ಕೇಳಲಿಲ್ಲ ನೋಡು, ಜೀವಂತ ಅದೀಯೋ ಇಲ್ಲೋ ಅಂತ. ಈಗ ವರ್ಷಾ ಕೇಳ್ತಾರ."

ನಾನು ಜಿಲ್ಲೆಯ ಅರೆಕಾಲಿಕ ವರದಿಗಾರ. ಪ್ರಕಟವಾದ ಸುದ್ದಿಗೆ ಇಷ್ಟು ಅಂತ ದುಡ್ಡು ಬರುತ್ತದೆ. ಪ್ರತಿ ಫೆಬ್ರುವರಿ 1ಕ್ಕೆ ಡೆಸ್ಕಿನಿಂದ ಫೋನು ಬರುವುದೂ ತಪ್ಪಿದ್ದಲ್ಲ: ಕೇಂದ್ರ ಬಜೆಟ್ಟಿನಲ್ಲಿ ನಮ್ಮ ಜಿಲ್ಲೆಗೆ ಏನು ಬಂತು, ನಾಲ್ಕು ಜನರನ್ನು ಮಾತಾಡಿಸಿ ಕಳಿಸು. ರೈಲಿನ ಬಗ್ಗೆ, ನೇಕಾರರ ಬಗ್ಗೆ, ಕೃಷ್ಣಾ ಮೇಲ್ದಂಡೆ ಬಗ್ಗೆ ಕೇಳುತ್ತಾರೆ. ರಕ್ಷಣಾ ಬಜೆಟ್ಟನ್ನು ನಮ್ಮ ಹಳ್ಳಿಗಳಿಗೆ ಸೇರಿದ್ದು ಅಂತ ಯಾರೂ ಕೇಳಿಲ್ಲ, ನಾನೂ ಬರೆದಿಲ್ಲ. ಈ ಸಲ ಆ ಪುಟಗಳನ್ನು ತೆಗೆದು ಕೂತೆ. ದೊಡ್ಡಪ್ಪನ ಹೆಬ್ಬೆರಳು ಒಂದು ಕಾರಣ. ಇನ್ನೊಂದು ಕಾರಣ ನನ್ನ ಅಕ್ಕನ ಮಗ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

2025-26ರಲ್ಲಿ ದೇಶದ ರಕ್ಷಣಾ ಬಜೆಟ್ 6,81,210 ಕೋಟಿ ರೂಪಾಯಿ. ಇಷ್ಟು ದೊಡ್ಡ ಸಂಖ್ಯೆ ನೋಡಿದರೆ ತಲೆ ತಿರುಗುತ್ತದೆ, ಆದ್ದರಿಂದ ನೂರು ರೂಪಾಯಿ ಅಂತ ಇಟ್ಟುಕೊಳ್ಳೋಣ. ಅದರಲ್ಲಿ ಸುಮಾರು 46 ರೂಪಾಯಿ ಸೈನ್ಯದ ಸಂಬಳ, ಊಟ, ಇಂಧನ, ರಿಪೇರಿಗೆ ಹೋಗುತ್ತದೆ. ಸುಮಾರು 26 ರೂಪಾಯಿ ಹೊಸ ವಿಮಾನ, ತೋಪು, ಹಡಗು ಕೊಳ್ಳುವುದಕ್ಕೆ. ಹತ್ತಿರಹತ್ತಿರ 24 ರೂಪಾಯಿ ಪಿಂಚಣಿಗೆ. ಉಳಿದ ನಾಲ್ಕು ಚಿಲ್ಲರೆ ಗಡಿ ರಸ್ತೆ, ಕರಾವಳಿ ಕಾವಲು ಮುಂತಾದವಕ್ಕೆ. ಹೊಸ ಆಯುಧಕ್ಕೆ ಕೊಡುವಷ್ಟೇ ಹೆಚ್ಚುಕಡಿಮೆ ಹಳೆಯ ಸೈನಿಕರಿಗೂ, ರಕ್ಷಣಾ ಇಲಾಖೆಯ ಹಳೆಯ ನೌಕರರಿಗೂ ಹೋಗುತ್ತದೆ. ಆ 24 ರೂಪಾಯಿಯ ಯಾವುದೋ ಒಂದು ಕಣ ನಮ್ಮ ಮನೆಗೆ ಬರುತ್ತದೆ.

ಕೊಳ್ಳುವ ದುಡ್ಡು ಬೇರೆ, ನಡೆಸುವ ದುಡ್ಡು ಬೇರೆ ಅನ್ನುವುದು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರ ಹೆಸರೇ ಇರುವ ರಾಮಥಾಳ (ಮರೋಳ) ಹನಿ ನೀರಾವರಿ ಯೋಜನೆ ಬಂದಾಗ 24,000 ಹೆಕ್ಟೇರಿಗೆ ಪೈಪು ಹಾಸುವ ಮಾತು ನಡೆಯಿತು. ಪೈಪು, ಪಂಪು, ಫಿಲ್ಟರು ಕೊಳ್ಳುವುದು ಒಂದು ಖರ್ಚು, ಒಂದೇ ಸಲ ಆಗುವಂಥದ್ದು. ಫಿಲ್ಟರ್ ತೊಳೆಯುವುದು, ಕರೆಂಟ್ ಬಿಲ್ಲು, ಇಲಿ ಕಡಿದ ಪೈಪು ಬದಲಿಸುವುದು ಪ್ರತಿ ವರ್ಷದ ಖರ್ಚು. ಮೊದಲನೆಯದನ್ನು ಬಂಡವಾಳ ವೆಚ್ಚ ಅನ್ನುತ್ತಾರೆ, ಎರಡನೆಯದನ್ನು ರಾಜಸ್ವ ವೆಚ್ಚ. ಸೈನ್ಯದ ಲೆಕ್ಕವೂ ಹೀಗೇ. ವಿಮಾನ ಕೊಂಡರೆ ಅದಕ್ಕೆ ಎಣ್ಣೆ ಬೇಕು, ಅದನ್ನು ಹಾರಿಸುವವನಿಗೆ ಸಂಬಳ ಬೇಕು. ಪೈಪಿಗೂ ಸೈನ್ಯಕ್ಕೂ ಒಂದೇ ವ್ಯತ್ಯಾಸ: ಪೈಪು ಹಳತಾದ ಮೇಲೆ ಅದಕ್ಕೆ ಪಿಂಚಣಿ ಕೊಡಬೇಕಾಗಿಲ್ಲ.

ಹಳತಾದ ಸೈನಿಕನನ್ನು, ಸತ್ತ ಸೈನಿಕನ ಮನೆಯವರನ್ನು ಯಾರು ನೋಡಿಕೊಳ್ಳಬೇಕು? ಈ ಪ್ರಶ್ನೆ ನಮ್ಮ ಕಡೆ ಬಹಳ ಹಳೆಯದು. ಐಹೊಳೆಗೆ ಹೋದವರು ವೀರಗಲ್ಲು ನೋಡಿರುತ್ತೀರಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಸ್ವರ್ಗ. ಸತ್ತವನಿಗೆ ಸ್ವರ್ಗವಾಯಿತು, ಮನೆಯವರಿಗೆ? ಅದಕ್ಕೆ ಹಳೆಗನ್ನಡದಲ್ಲಿ ಬೇರೆಬೇರೆ ಪದಗಳೇ ಇದ್ದವು. ಕಾದಾಡಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ, ಕಲ್ನಾಡು ಅನ್ನುತ್ತಿದ್ದರು. ಗೆದ್ದು ಬಂದವನ ಕತ್ತಿ ತೊಳೆದು ಕೊಟ್ಟ ಭೂಮಿ ಬಾಳ್ಗಳ್ಚು. ರಾಜನ ಬೊಕ್ಕಸದಿಂದ ತಿಂಗಳ ದುಡ್ಡು ಹೋಗುತ್ತಿರಲಿಲ್ಲ. ಹೊಲ ಹೋಗುತ್ತಿತ್ತು. ಉತ್ತು ಬಿತ್ತಿ ತಿನ್ನಬೇಕು.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಒಂದು ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯ ಜೊತೆ ಕಾದಾಡಿ ಸತ್ತ 'ಕಾಳಿ' ಅನ್ನುವ ನಾಯಿಯ ಕಲ್ಲು ಅಂತ ಅದು ಹೆಸರುವಾಸಿ. ನನಗೆ ಅದರಲ್ಲಿ ನಾಯಿಗಿಂತ ದೊಡ್ಡ ಸುದ್ದಿ ಕಂಡಿತು. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದದ್ದಕ್ಕೆ ರಾಷ್ಟ್ರಕೂಟರ ಮೂರನೇ ಕೃಷ್ಣ ಗಂಗರ ಬೂತುಗನಿಗೆ ಏನೇನು ಕೊಟ್ಟ ಎಂಬ ಪಟ್ಟಿ ಅದರಲ್ಲಿದೆ. ಬನವಾಸಿ 12,000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70. ಕಿಸುಕಾಡು ಅಂದರೆ ಪಟ್ಟದಕಲ್ಲಿನ ಸುತ್ತಲ ಸೀಮೆ. ಬಾಗೆನಾಡು ಅಂದರೆ ನಮ್ಮ ಬಾಗಲಕೋಟೆ ಸೀಮೆ. ಸಾವಿರ ವರ್ಷದ ಹಿಂದೆ ನಮ್ಮ ಜಿಲ್ಲೆಯೇ ಒಬ್ಬರ ಯುದ್ಧದ ಸಂಬಳವಾಗಿ ಹೋಗಿತ್ತು! ಅದೇ ಕಾಳಗದಲ್ಲಿ ಬೂತುಗನ ಕಡೆ ಕಾದಾಡಿದ ಮಣಲೆರನಿಗೆ ಬಾಳ್ಗಳ್ಚಾಗಿ ಸಿಕ್ಕಿದ್ದು ಆತಕೂರು. ಆ ನಾಯಿಯನ್ನು ಬೂತುಗನಿಂದ ಕೇಳಿ ಪಡೆದವನೂ ಇವನೇ.

ಭೂಮಿ ಕೊಡುವ ಲೆಕ್ಕದಲ್ಲಿ ಒಂದು ತೊಡಕಿತ್ತು. ಕೊಟ್ಟಮೇಲೆ ಅವನು ನಿಜವಾಗಿ ಸೈನ್ಯ ಸಾಕುತ್ತಾನೋ ಇಲ್ಲವೋ ಎಂದು ನೋಡುವವರು ಯಾರು?

ಇದು ಚೆನ್ನಾಗಿ ಕಾಣುವುದು ವಿಜಯನಗರದಲ್ಲಿ. ಕೃಷ್ಣದೇವರಾಯ ತನ್ನ 'ಆಮುಕ್ತಮಾಲ್ಯದ'ದಲ್ಲಿ ಅರಸನ ಆದಾಯವನ್ನು ನಾಲ್ಕು ಪಾಲು ಮಾಡಬೇಕು ಅನ್ನುತ್ತಾನೆ: ಒಂದು ಪಾಲು ದಾನಕ್ಕೆ ಮತ್ತು ಭೋಗಕ್ಕೆ, ಎರಡು ಪಾಲು ಸೈನ್ಯಕ್ಕೆ, ಒಂದು ಪಾಲು ಬೊಕ್ಕಸಕ್ಕೆ. ಅಂದರೆ ಅರ್ಧಕ್ಕರ್ಧ ಸೈನ್ಯಕ್ಕೆ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಸೈನ್ಯದ ಪಾಲು ನೂರಕ್ಕೆ 13 ರೂಪಾಯಿ ಚಿಲ್ಲರೆ ಇತ್ತು. ಆದರೆ ರಾಯರ ಸೈನ್ಯದ ಬಹುಪಾಲು ನಾಯಕರ ಕೈಯಲ್ಲಿತ್ತು. ನಾಯಕನಿಗೆ ಸೀಮೆ ಕೊಡುವುದು, ಅವನು ವರ್ಷಕ್ಕೆ ಇಷ್ಟು ಹಣ ಕಟ್ಟಿ ಇಷ್ಟು ಕಾಲಾಳು, ಇಷ್ಟು ಕುದುರೆ, ಇಷ್ಟು ಆನೆ ಸಾಕುವುದು.

ಅಚ್ಯುತರಾಯನ ಕಾಲದಲ್ಲಿ, 1535ರ ಸುಮಾರಿಗೆ, ನ್ಯೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ವಿಜಯನಗರದಲ್ಲಿದ್ದ. ಯಾವ ನಾಯಕನಿಗೆ ಎಷ್ಟು ಆದಾಯ, ಎಷ್ಟು ಸೈನ್ಯ ಎಂದು ಅವನು ಬರೆದಿಟ್ಟ ಪಟ್ಟಿ ಇವತ್ತಿನ ಬಜೆಟ್ ಪುಸ್ತಕಕ್ಕಿಂತ ಕಡಿಮೆ ಇಲ್ಲ. ಸಾಳ್ವನಾಯಕ ಎಂಬ ಮಂತ್ರಿಗೆ 11 ಲಕ್ಷ ಚಿನ್ನದ ವರಹದ ಸೀಮೆ. ಮೂರನೇ ಒಂದು ಪಾಲು ಅರಸನಿಗೆ. ಉಳಿದದ್ದರಲ್ಲಿ 30,000 ಕಾಲಾಳು, 3,000 ಕುದುರೆ, 30 ಆನೆ ಇಡಬೇಕು. ಇಷ್ಟು ಬರೆದು ನ್ಯೂನಿಜ್ ಮೆಲ್ಲಗೆ ಇನ್ನೊಂದು ಮಾತು ಸೇರಿಸುತ್ತಾನೆ: ಅವನು ಪೂರ್ತಿ ಸೈನ್ಯ ಇಡುವುದೇ ಇಲ್ಲ, ಅದರಲ್ಲೇ ಅವನ ಲಾಭ.

ಇದನ್ನು ಓದಿದಾಗ ನಾನು ಒಬ್ಬನೇ ನಕ್ಕುಬಿಟ್ಟೆ. ಕೆರೆ ಹೂಳೆತ್ತುವ ಕೆಲಸದ ಹಾಜರಿ ಪಟ್ಟಿಯಲ್ಲಿ ಸತ್ತವರ ಹೆಸರು, ಪುಣೆಗೆ ಗುಳೆ ಹೋದವರ ಹೆಸರು ಇದ್ದದ್ದನ್ನು ಬರೆದು ಬೈಗುಳ ತಿಂದವನು ನಾನು. ಕಾಗದದ ಮೇಲೆ ಆಳು, ಕೆಲಸದ ಮೇಲೆ ಗಾಳಿ. ಐದು ನೂರು ವರ್ಷದ ಹಿಂದೆ ಅದೇ ಕಥೆ, ಕುದುರೆ ಸಮೇತ. 1565ರಲ್ಲಿ ರಕ್ಕಸಗಿ-ತಂಗಡಗಿಯಲ್ಲಿ, ಇಲ್ಲೇ ನಮ್ಮ ಕೃಷ್ಣೆಯ ದಂಡೆಯ ಸೀಮೆಯಲ್ಲಿ, ವಿಜಯನಗರ ಸೋತದ್ದಕ್ಕೆ ನೂರು ಕಾರಣ ಹೇಳುತ್ತಾರೆ, ಇದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಪಟ್ಟಿಯಲ್ಲಿದ್ದ ಕುದುರೆಗಳೆಲ್ಲ ಅವತ್ತು ಬಂದಿದ್ದವೋ ಇಲ್ಲವೋ ಅಂತ ಮನಸ್ಸಿಗೆ ಬಾರದೆ ಇರುವುದಿಲ್ಲ.

ಇಂಗ್ಲಿಷರು ಬಂದಮೇಲೆ ಲೆಕ್ಕ ನಗದಾಯಿತು. 1799ರಲ್ಲಿ ಟಿಪ್ಪು ಸತ್ತಮೇಲೆ ಮೈಸೂರು ಅರಸರ ಜೊತೆ ಮಾಡಿಕೊಂಡ ಒಪ್ಪಂದದ ಪ್ರಕಾರ, ಕಂಪನಿಯ ಸೈನ್ಯ ಕಾಯುತ್ತದೆ, ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಟ್ಟಬೇಕು. ನಮ್ಮ ಸೀಮೆ ಆಮೇಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಸಿಪಾಯಿಗೆ ತಿಂಗಳ ಪಗಾರ, ಪಗಾರದ ಪುಸ್ತಕ, ಉಳಿದವನಿಗೆ ಪಿಂಚಣಿ. ಭೂಮಿಯ ಬದಲು ದಾಖಲೆ ಬಂತು. ದಾಖಲೆಯಲ್ಲಿ ಹೆಸರು ತಪ್ಪಾಗಿದ್ದರೆ ಆ ಮನುಷ್ಯನೇ ತಪ್ಪಾಗುವ ಕಾಲವೂ ಆಗಲೇ ಶುರುವಾಗಿರಬೇಕು.

ಸ್ವಾತಂತ್ರ್ಯ ಬಂದಮೇಲೆ ಬಹಳ ದಿನ ಲೆಕ್ಕ ನಡೆದದ್ದು ಹೋದ ವರ್ಷದ್ದಕ್ಕೆ ಈ ವರ್ಷ ತುಸು ಸೇರಿಸು ಅನ್ನುವ ಹಾಗೆ. 1962ರಲ್ಲಿ ಚೀನಾ ಪಾಠ ಕಲಿಸಿತು. 1964ರಿಂದ ಸೈನ್ಯಕ್ಕೂ ಐದು ವರ್ಷದ ಯೋಜನೆ ಮಾಡಲು ಶುರುಮಾಡಿದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಮ್ಯಾಕ್‌ನಮಾರ ಎಂಬ ರಕ್ಷಣಾ ಮಂತ್ರಿ, ಕಾರು ಕಂಪನಿಯಿಂದ ಬಂದವನು, ಲೆಕ್ಕದ ದಿಕ್ಕನ್ನೇ ತಿರುಗಿಸಿದ್ದ. ಹೋದ ಸಲ ಎಷ್ಟು ಕೊಟ್ಟಿದ್ದೆವು ಎಂದು ಕೇಳಬೇಡಿ. ಯಾವ ಕೆಲಸ ಆಗಬೇಕು, ಅದಕ್ಕೆ ಮುಂದಿನ ಐದು ವರ್ಷ ಏನೇನು ಬೇಕು, ಒಟ್ಟು ಎಷ್ಟು ಬೀಳುತ್ತದೆ ಎಂದು ಕೇಳಿ ಅಂದ. ಮಾತು ಸರಿ. ಆದರೆ ನಮ್ಮಲ್ಲಿ ಯೋಜನೆ ಐದು ವರ್ಷದ್ದು, ದುಡ್ಡು ಒಂದು ವರ್ಷದ್ದು. ಮಾರ್ಚ್ 31ರೊಳಗೆ ಖರ್ಚಾಗದ್ದು ವಾಪಸು ಹೋಗುತ್ತದೆ. ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಮಾರ್ಚ್ ಕೊನೆಯ ವಾರ ರಾತ್ರಿ ಹತ್ತಕ್ಕೂ ಲೈಟು ಉರಿಯುವುದನ್ನು ಕಂಡವರಿಗೆ ಇದು ಗೊತ್ತು. ಯುದ್ಧವಿಮಾನ ಕೊಳ್ಳುವುದಕ್ಕೆ ಹತ್ತು ವರ್ಷ ಹಿಡಿಯುತ್ತದೆ. ಅದಕ್ಕೂ ಮಾರ್ಚ್ 31 ಒಂದೇ.

1990ರಲ್ಲಿ ರಕ್ಷಣಾ ವೆಚ್ಚ ನೋಡಲು ಅರುಣ್ ಸಿಂಗ್ ಸಮಿತಿ ಆಯಿತು. 1999ರಲ್ಲಿ ಕಾರ್ಗಿಲ್ ಆಯಿತು. 2001ರಲ್ಲಿ ಮಂತ್ರಿಗಳ ಗುಂಪು, ಮೂರೂ ಪಡೆಗೆ ಸೇರಿ ಒಬ್ಬ ಮುಖ್ಯಸ್ಥ ಬೇಕು, ಮೂವರೂ ಬೇರೆಬೇರೆ ಪಟ್ಟಿ ಹಿಡಿದು ಬರಬಾರದು ಎಂದಿತು. ಆ ಹುದ್ದೆಯಲ್ಲಿ ಜನರಲ್ ಬಿಪಿನ್ ರಾವತ್ ಕೂತದ್ದು 2020ರ ಜನವರಿ 1ರಂದು. ಮಾತಿನಿಂದ ಕುರ್ಚಿಗೆ 19 ವರ್ಷ. ನಮ್ಮ ಕಡೆ ಬಸ್ ನಿಲ್ದಾಣವೂ ಹೀಗೇ ಆಗುತ್ತದೆ ಬಿಡಿ.

ಈಗ ಮನೆಯ ಮಾತಿಗೆ ಬರುತ್ತೇನೆ.

ದೊಡ್ಡಪ್ಪ 1970ರಲ್ಲಿ ಬೆಳಗಾವಿಗೆ ಹೋಗಿ ಮರಾಠಾ ರೆಜಿಮೆಂಟಿಗೆ ಸೇರಿದರು. 1987ರಲ್ಲಿ ಹವಾಲ್ದಾರರಾಗಿ ಊರಿಗೆ ಬಂದರು. ಆಗ ವಯಸ್ಸು 36. ಅವತ್ತಿನಿಂದ ಇವತ್ತಿನವರೆಗೆ ನಮ್ಮ ಮನೆಯಲ್ಲಿ ಮಳೆ ನಂಬದೆ ಬಂದ ದುಡ್ಡು ಅದೊಂದೇ. ಬಿಳಿಜೋಳ ಕೈಕೊಟ್ಟ ವರ್ಷ, ಕಡಲೆಗೆ ಬೆಲೆ ಬಿದ್ದ ವರ್ಷ, ಅಪ್ಪನ ಆಪರೇಷನ್ ಆದ ವರ್ಷ, ತಿಂಗಳ ಕೊನೆಗೆ ದೊಡ್ಡಪ್ಪ ಇಸ್ತ್ರಿ ಅಂಗಿ ತೊಟ್ಟು ಬ್ಯಾಂಕಿಗೆ ಹೋಗುತ್ತಿದ್ದರು. ಅಕ್ಕನ ಮದುವೆ ಅದರಲ್ಲಾಯಿತು. ನನ್ನ ಪತ್ರಿಕೋದ್ಯಮ ಡಿಪ್ಲೊಮಾದ ಫೀ ಅದರಲ್ಲಿ ಕಟ್ಟಿದ್ದು. ಸಮಾನ ಹುದ್ದೆ ಸಮಾನ ಪಿಂಚಣಿ 2015ರ ನವೆಂಬರಿನಲ್ಲಿ ಆದೇಶವಾಗಿ, 2014ರ ಜುಲೈಯಿಂದ ಲೆಕ್ಕ ಹಿಡಿದು ಬಾಕಿ ಬಂದಾಗ ಮನೆಯ ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಬಂತು. ಬಜೆಟ್ ಪುಸ್ತಕದಲ್ಲಿ ಇದನ್ನೆಲ್ಲ ಭಾರ ಎಂದು ಬರೆಯುತ್ತಾರೆ. ಅದು ಸುಳ್ಳಲ್ಲ. ಹೊರುವವರಿಗೆ ಭಾರವೇ.

ಆ ಭಾರ ಇಳಿಸುವ ಲೆಕ್ಕವೂ 2022ರ ಜೂನ್ 14ಕ್ಕೆ ಬಂದ ಅಗ್ನಿಪಥದ ಹಿಂದೆ ಇದೆ ಎಂದೇ ನಾನು ತಿಳಿದಿದ್ದೇನೆ. ಸೈನ್ಯ ಎಳೆಯದಾಗಬೇಕು, ಸರಾಸರಿ ವಯಸ್ಸು ನಾಲ್ಕೈದು ವರ್ಷ ಇಳಿಯಬೇಕು ಎಂದು ಸರಕಾರ ಹೇಳಿತು. ಅದರಲ್ಲೂ ಹುರುಳಿದೆ. "ಗುಡ್ಡ ಹತ್ತೋದು ಇಪ್ಪತ್ತರ ಹುಡುಗರ ಕೆಲಸ, ಮೂವತ್ತೈದಕ್ಕ ಮಣಕಾಲು ಮಾತಾಡ್ತಾವ" ಎಂದು ದೊಡ್ಡಪ್ಪನೇ ಹೇಳುತ್ತಾರೆ.

ನನ್ನ ಅಕ್ಕನ ಮಗನಿಗೆ ಈಗ 18. ಪಿಯುಸಿ ಮುಗಿಸಿದ್ದಾನೆ. ಬೆಳಗಿನ ಜಾವ ಐದಕ್ಕೆ ಎದ್ದು ರಸ್ತೆಯಲ್ಲಿ ಓಡುತ್ತಾನೆ. ಇವನೊಬ್ಬನೇ ಅಲ್ಲ, ನಸುಕಿನಲ್ಲಿ ನಮ್ಮ ಕಡೆಯ ಯಾವ ರಸ್ತೆಯಲ್ಲಿ ಹೋದರೂ ಹೆಡ್‌ಲೈಟಿಗೆ ಇಂಥ ಹುಡುಗರು ಸಿಗುತ್ತಾರೆ. 1,600 ಮೀಟರನ್ನು ಐದೂವರೆ ನಿಮಿಷದಲ್ಲಿ ಓಡಿದರೆ ಪೂರ್ತಿ ಅಂಕ.

ಅಕ್ಕ ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು ಕೇಳಿದಳು. "ನೀ ಪೇಪರಿನಾವ. ಖರೇ ಹೇಳು. ನಾಕು ವರ್ಷ ಆದಮ್ಯಾಲ ಏನು?"

ಜೋಳದ ಚೀಲದ ಮೇಲೆ ಕೂತು, ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷ 40,000. ಅದರಲ್ಲಿ ನೂರಕ್ಕೆ 30 ಹಿಡಿದುಕೊಳ್ಳುತ್ತಾರೆ, ಹಾಗಾಗಿ ಮೊದಲ ವರ್ಷ ಕೈಗೆ 21,000. ಹಿಡಿದುಕೊಂಡಷ್ಟೇ ಸರಕಾರವೂ ಹಾಕುತ್ತದೆ. ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ, ಅದಕ್ಕೆ ಆದಾಯ ತೆರಿಗೆ ಇಲ್ಲ. ಹೆಸರು ಸೇವಾ ನಿಧಿ. ನೂರರಲ್ಲಿ 25 ಮಂದಿವರೆಗೆ ಸೈನ್ಯದಲ್ಲಿ ಉಳಿಸಿಕೊಳ್ಳುತ್ತಾರೆ. ಉಳಿದ 75 ಮಂದಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕರ ಆಸ್ಪತ್ರೆ ಸೌಲಭ್ಯ ಇಲ್ಲ, ಕ್ಯಾಂಟೀನೂ ಇಲ್ಲ. (ಕ್ಯಾಂಟೀನಿಲ್ಲ ಅಂದಾಗ ನಮ್ಮ ಭಾವನ ಮುಖ ಬಾಡಿದ್ದು ಬೇರೆ ಕಾರಣಕ್ಕೆ.) ಸೇವೆಯಲ್ಲಿರುವಾಗ 48 ಲಕ್ಷದ ವಿಮೆ ಇದೆ.

"ಹನ್ನೊಂದು ಲಕ್ಷ ಬ್ಯಾಂಕಿನಾಗ ಇಟ್ರ?"

ನೂರಕ್ಕೆ ಏಳರ ಬಡ್ಡಿ ಹಿಡಿದು ಲೆಕ್ಕ ಹಾಕಿದೆ. ತಿಂಗಳಿಗೆ 6,800 ರೂಪಾಯಿ ಚಿಲ್ಲರೆ. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು, ಏನೂ ಅನ್ನಲಿಲ್ಲ. ಅವರ ಪಿಂಚಣಿ ಅದರ ಎಷ್ಟೋ ಪಟ್ಟು.

ಅಕ್ಕ ಆ ಸಂಖ್ಯೆಯನ್ನೇ ನೋಡುತ್ತ ಕೂತಳು. ನಾನು ಇನ್ನೊಂದು ಬದಿಯನ್ನೂ ಹೇಳಬೇಕಿತ್ತು, ಹೇಳಿದೆ. ಹುಡುಗ ಇಲ್ಲೇ ಇದ್ದರೆ ಏನು ಮಾಡುತ್ತಾನೆ? ಇಳಕಲ್ಲಿನ ಗ್ರಾನೈಟ್ ಕೆಲಸಕ್ಕೆ ಹೋದರೆ, ಬೆಂಗಳೂರಿಗೆ ಹೋಗಿ ಡೆಲಿವರಿ ಬೈಕು ಹಿಡಿದರೆ, 22ಕ್ಕೆ ಕೈಯಲ್ಲಿ 11 ಲಕ್ಷ ಉಳಿಯುತ್ತದೆಯೇ? ನನಗೆ 35 ಆಗುತ್ತ ಬಂತು, ಡಿಪ್ಲೊಮಾ ಇದೆ, ನನ್ನ ಖಾತೆಯಲ್ಲಿ ಎಷ್ಟಿದೆ ಎಂದು ಅಕ್ಕನಿಗೆ ಗೊತ್ತು. ನನಗೂ ಪಿಂಚಣಿ ಇಲ್ಲ, ವಿಮೆಯಂತೂ ಇಲ್ಲವೇ ಇಲ್ಲ.

ನನ್ನ ತಕರಾರು ಬೇರೆ. ದೊಡ್ಡಪ್ಪನನ್ನು 36ನೇ ವಯಸ್ಸಿನಿಂದ ಇಲ್ಲಿಯವರೆಗೆ ನೋಡಿಕೊಂಡ ಖರ್ಚು ದಿಲ್ಲಿಯ ಪುಸ್ತಕದಲ್ಲಿ ಒಂದು ಸಾಲಾಗಿ ಕಾಣುತ್ತದೆ. ಕಂಡದ್ದರಿಂದ ಅದರ ಬಗ್ಗೆ ಚರ್ಚೆ ಆಗುತ್ತದೆ, ಹೆಚ್ಚಾಯಿತು ಅನ್ನುತ್ತಾರೆ, ಸಮಿತಿ ಕೂರುತ್ತದೆ. ಅಗ್ನಿವೀರ 22ಕ್ಕೆ ಊರಿಗೆ ಬಂದಮೇಲೆ ಅವನ ಮುಂದಿನ ಐವತ್ತು ವರ್ಷದ ಖರ್ಚು ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಖರ್ಚು ಇರುತ್ತದೆ. ಅಕ್ಕನ ಮನೆಯಲ್ಲಿ, ನಾಲ್ಕು ಎಕರೆ ಎರೆಭೂಮಿಯಲ್ಲಿ ಇರುತ್ತದೆ. ಮೊದಲ ತಂಡದವರ ನಾಲ್ಕು ವರ್ಷ 2026ರ ಕೊನೆಗೆ ಮುಗಿಯುತ್ತ ಬರುತ್ತದೆ. ಪೊಲೀಸ್, ಅರೆಸೇನಾ ಪಡೆಗಳಲ್ಲಿ ಅವರಿಗೆ ಮೀಸಲು ಎಂದು ಘೋಷಣೆಗಳು ಆಗಿವೆ. ಹುನಗುಂದ ತಾಲೂಕಿನವರು ಎಷ್ಟು ಜನ ಮರಳಿ ಬಂದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂದು ನಾನು ಒಬ್ಬೊಬ್ಬರ ಮನೆಗೆ ಹೋಗಿ ಬರೆದುಕೊಳ್ಳುವವನಿದ್ದೇನೆ. ಡೆಸ್ಕಿನವರು ಹಾಕಲಿ ಬಿಡಲಿ, ಇಲ್ಲಂತೂ ಹಾಕುತ್ತೇನೆ. ನಿಮ್ಮೂರಿನಲ್ಲಿ ಯಾರಾದರೂ ಇದ್ದರೆ ತಿಳಿಸಿ.

ಅಕ್ಕ ಕ್ಯಾಲೆಂಡರಿನ ಹಾಳೆಯನ್ನು ಮಡಿಚಿ ಟ್ರಂಕಿನಲ್ಲಿಟ್ಟಳು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಮಾರನೇ ದಿನ ನಸುಕಿನಲ್ಲಿ ಎದ್ದು ಹೊರಗೆ ಬಂದರೆ, ದೊಡ್ಡಪ್ಪ ಮಫ್ಲರ್ ಸುತ್ತಿಕೊಂಡು ರಸ್ತೆಯ ಬದಿ ನಿಂತಿದ್ದರು. ಕೈಯಲ್ಲಿ ಹಳೆಯ ಎಚ್‌ಎಂಟಿ ಗಡಿಯಾರ. ಹುಡುಗ ಏದುಸಿರು ಬಿಡುತ್ತ ಬಂದು ಮೊಣಕಾಲ ಮೇಲೆ ಕೈ ಊರಿದ.

"ಎಷ್ಟಾತು ಅಜ್ಜಾ?"

"ಆರು ಹತ್ತು."

"ಅಷ್ಟ್ಯಾಕ ಆಕ್ಕೈತಿ? ನಿನ್ನೆ ಐದು ಐವತ್ತು ಆಗಿತ್ತಲ್ಲ."

"ನಿನ್ನೆ ಗಡಿಯಾರ ನಿನ್ನ ಕೈಯಾಗ ಇತ್ತು" ಅಂದರು ದೊಡ್ಡಪ್ಪ.